ಪಟ್ಟಿಗೆ ಅಂಶ ಸೇರಿದರೂ ಲಿಸನರ್‌ಗೆ ಏಕೆ ತಿಳಿಯುವುದಿಲ್ಲ?

ಪ್ರಶ್ನೆ: ಜಾವಾಎಫ್‌ಎಕ್ಸ್‌ನಲ್ಲಿ (ಜಾವಾ ಭಾಷೆಯಲ್ಲಿ ಕಿಟಕಿ, ಗುಂಡಿಗಳಿರುವ ಪ್ರೋಗ್ರಾಂ ಬರೆಯುವ ಸಾಧನ) ಬರೆಯುತ್ತಿರುವ ಪ್ರೋಗ್ರಾಂ ಒಂದರಲ್ಲಿ ಪಟ್ಟಿಯನ್ನು ಸಿಂಪಲ್ ಆಬ್ಜೆಕ್ಟ್ ಪ್ರಾಪರ್ಟಿಯೊಳಗೆ (ಮೌಲ್ಯವೊಂದನ್ನು ಇಟ್ಟುಕೊಂಡು, ಅದು ಬದಲಾದಾಗ ಸೂಚನೆ ಕೊಡುವ ಪೆಟ್ಟಿಗೆ) ಇಟ್ಟು, ಆ ಪ್ರಾಪರ್ಟಿಗೆ ಚೇಂಜ್ ಲಿಸನರ್ (ಸೂಚನೆ ಬಂದಾಗ ಓಡುವ ಕೋಡ್) ಜೋಡಿಸಿದ್ದೇನೆ. ಪಟ್ಟಿಗೆ ಹೊಸ ಅಂಶ ಸೇರಿಸಿದಾಗ ಲಿಸನರ್ ಓಡುವುದೇ ಇಲ್ಲ. ತಪ್ಪು ಎಲ್ಲಿದೆ?

ಉತ್ತರ: ಆಬ್ಜೆಕ್ಟ್ ಪ್ರಾಪರ್ಟಿ ಗಮನಿಸುವುದು ತನ್ನಲ್ಲಿರುವ ರೆಫರೆನ್ಸನ್ನು, ಅಂದರೆ ಯಾವ ಪಟ್ಟಿ ಎಂದು ತೋರಿಸುವ ಗುರುತನ್ನು, ಮಾತ್ರ. ನೀವು ಬೇರೊಂದು ಪಟ್ಟಿಯನ್ನೇ ತಂದು ಅಲ್ಲಿ ಇರಿಸಿದರೆ ಅದು ಸೂಚನೆ ಕೊಡುತ್ತದೆ; ಇರುವ ಪಟ್ಟಿಗೇ ಅಂಶ ಸೇರಿದಾಗ ರೆಫರೆನ್ಸ್ ಬದಲಾಗದ ಕಾರಣ ಸುಮ್ಮನಿರುತ್ತದೆ. ನಿಮಗೆ ಬೇಕಾದದ್ದು ಪಟ್ಟಿಗಳಿಗೆಂದೇ ಇರುವ ಸಿಂಪಲ್ ಲಿಸ್ಟ್ ಪ್ರಾಪರ್ಟಿ. ಅದಕ್ಕೆ ಲಿಸ್ಟ್ ಚೇಂಜ್ ಲಿಸನರ್ ಜೋಡಿಸಿದರೆ, ಇಡೀ ಪಟ್ಟಿ ಬದಲಾದಾಗಲೂ ಒಳಗಿನ ಅಂಶಗಳು ಬದಲಾದಾಗಲೂ ಸೂಚನೆ ದೊರೆಯುತ್ತದೆ. ಆದರೆ ಆರಂಭದಲ್ಲಿಯೇ ಅದಕ್ಕೊಂದು ಆಬ್ಸರ್ವಬಲ್ ಲಿಸ್ಟ್ (ತನ್ನ ಬದಲಾವಣೆಗಳನ್ನು ಲಿಸನರ್‌ಗಳಿಗೆ ತಿಳಿಸುವ ಪಟ್ಟಿ) ಕೊಡುವುದನ್ನು ಮರೆಯಬೇಡಿ. ಕೊಡದಿದ್ದರೆ ಒಳಗೆ ನಲ್ (ಯಾವ ಪಟ್ಟಿಯೂ ಇಲ್ಲದ ಸ್ಥಿತಿ) ಇರುತ್ತದೆ ಮತ್ತು ಅಂಶ ಸೇರಿಸಲು ಹೋದ ಕೂಡಲೇ ಅನ್‌ಸಪೋರ್ಟೆಡ್ ಆಪರೇಷನ್ ಎಕ್ಸೆಪ್ಷನ್ ಎಂಬ ದೋಷ ಬರುತ್ತದೆ.

ಲಿಸ್ಟ್ ಪ್ರಾಪರ್ಟಿಗೂ ಹಳೆಯ ಚೇಂಜ್ ಲಿಸನರ್ ಅನ್ನೇ ಜೋಡಿಸಬಹುದು, ಅದು ಓಡುತ್ತದೆ ಕೂಡ. ಆದರೆ ಅಂಶ ಸೇರಿದಾಗ ಹಳೆಯ ಮೌಲ್ಯ, ಹೊಸ ಮೌಲ್ಯ ಎಂದು ಅದರ ಕೈಗೆ ಸಿಗುವುದು ಒಂದೇ ಪಟ್ಟಿಯಾದ್ದರಿಂದ, ಎರಡನ್ನೂ ಹೋಲಿಸಿ ಏನು ಬದಲಾಯಿತೆಂದು ತಿಳಿಯಲಾಗದು.

ಲಿಸ್ಟ್ ಚೇಂಜ್ ಲಿಸನರ್‌ಗೆ ಬರುವ ಚೇಂಜ್ ಆಬ್ಜೆಕ್ಟ್‌ನಲ್ಲಿ ಹಲವು ಬದಲಾವಣೆಗಳು ಒಟ್ಟಿಗೆ ಇರಬಹುದು. ಆದ್ದರಿಂದ ನೆಕ್ಸ್ಟ್ ಮೆಥಡ್ ಅನ್ನು ವೈಲ್ ಲೂಪಿನಲ್ಲಿ ಕರೆಯುತ್ತಾ ಒಂದೊಂದನ್ನೂ ನೋಡಬೇಕು; ಒಮ್ಮೆಯೂ ನೆಕ್ಸ್ಟ್ ಕರೆಯದೆ ವಾಸ್ ಆಡೆಡ್ (ಅಂಶ ಸೇರಿತೇ) ಎಂದು ಕೇಳಿದರೆ ಇಲ್ಲೀಗಲ್ ಸ್ಟೇಟ್ ಎಕ್ಸೆಪ್ಷನ್ ಎದುರಾಗುತ್ತದೆ. ಒಂದು ಅಂಶದ ಜಾಗದಲ್ಲಿ ಇನ್ನೊಂದನ್ನು ಇಟ್ಟಾಗ ವಾಸ್ ಆಡೆಡ್, ವಾಸ್ ರಿಮೂವ್ಡ್ (ಅಂಶ ಹೋಯಿತೇ) ಎರಡೂ ನಿಜವಾಗುತ್ತವೆ. ಪಟ್ಟಿಯನ್ನು ಸಾರ್ಟ್ ಮಾಡಿದಾಗ ಇವೆರಡೂ ಸುಳ್ಳಾಗಿ, ವಾಸ್ ಪರ್ಮ್ಯುಟೇಟೆಡ್ (ಅಂಶಗಳ ಕ್ರಮ ಬದಲಾಯಿತೇ) ಮಾತ್ರ ನಿಜವಾಗುತ್ತದೆ. ಅನೇಕರು ಈ ಸಾಧ್ಯತೆಯನ್ನು ಬಿಟ್ಟೇಬಿಡುತ್ತಾರೆ, ಆಗ ಅಂಶಗಳ ಸ್ಥಾನವನ್ನು ನೆನಪಿಟ್ಟುಕೊಂಡಿರುವ ಕೋಡ್ ಸದ್ದಿಲ್ಲದೆ ತಪ್ಪು ಮಾಡತೊಡಗುತ್ತದೆ. ಪರ್ಮ್ಯುಟೇಟೆಡ್ ಮತ್ತು ಅಪ್‌ಡೇಟೆಡ್ (ಅಂಶದ ಒಳಗಿನದು ಬದಲಾಯಿತೇ) ಪರೀಕ್ಷೆಗಳನ್ನು ಮೊದಲು ಬರೆದು, ಉಳಿದವನ್ನು ಆಮೇಲೆ ಬರೆಯುವ ಕ್ರಮವನ್ನೇ ನಾನು ಸೂಚಿಸುತ್ತೇನೆ.

ಇನ್ನೊಂದು ಎಚ್ಚರಿಕೆ ಅಗತ್ಯ. ಅರೇಲಿಸ್ಟ್ ಎಂಬ ಜಾವಾದ ಸಾಮಾನ್ಯ ಪಟ್ಟಿಯೊಂದನ್ನು ಆಬ್ಸರ್ವಬಲ್ ಲಿಸ್ಟ್‌ನಿಂದ ಸುತ್ತಿ ಬಳಸುವಾಗ, ಮೂಲ ಅರೇಲಿಸ್ಟ್‌ಗೆ ನೇರವಾಗಿ ಅಂಶ ಸೇರಿಸಿದರೆ ಯಾವ ಲಿಸನರ್‌ಗೂ ಸುದ್ದಿ ಹೋಗುವುದಿಲ್ಲ. ಅಂತೆಯೇ, ಉದಾಹರಣೆಗೆ, ಪಟ್ಟಿಯಲ್ಲಿರುವ ಒಬ್ಬ ವಿದ್ಯಾರ್ಥಿಯ ಹೆಸರಷ್ಟೇ ತಿದ್ದುಪಡಿಯಾದರೆ ಪಟ್ಟಿಯ ದೃಷ್ಟಿಯಲ್ಲಿ ಏನೂ ಬದಲಾಗಿರುವುದಿಲ್ಲ. ಅದೂ ತಿಳಿಯಬೇಕಿದ್ದರೆ ಪಟ್ಟಿಯನ್ನು ಸೃಷ್ಟಿಸುವಾಗಲೇ ಎಕ್ಸ್‌ಟ್ರಾಕ್ಟರ್ (ಪ್ರತಿ ಅಂಶದ ಯಾವ ಪ್ರಾಪರ್ಟಿಗಳನ್ನು ಗಮನಿಸಬೇಕೆಂದು ಹೇಳುವ ಕೋಡ್) ಒಂದನ್ನು ಕೊಟ್ಟು, ಹೆಸರಿನ ಪ್ರಾಪರ್ಟಿಯನ್ನು ಅದರ ಮೂಲಕ ಒದಗಿಸಿ. ಆಗ ಪ್ರತಿ ತಿದ್ದುಪಡಿಯೂ ವಾಸ್ ಅಪ್‌ಡೇಟೆಡ್ ಎಂಬ ರೂಪದಲ್ಲಿ ನಿಮ್ಮ ಲಿಸನರ್‌ಗೆ ತಲುಪುತ್ತದೆ.