ಅರ್ಧ ರೊಟ್ಟಿಯಿಂದ ಶುರು ಮಾಡಿ

ನಮಸ್ಕಾರ,

ನಿಮ್ಮ ‘ಒಡೆದ ಹೃದಯ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ.

ಅಣ್ಣ ತೀರಿಕೊಂಡ ಸುದ್ದಿ ಕೇಳಿ ನಿಮ್ಮ ಅತ್ತೆಗೆ ಎದೆನೋವು ಬಂತು. ಇಸಿಜಿ ಹಾರ್ಟ್ ಅಟ್ಯಾಕ್ ಥರವೇ ಇತ್ತು. ಆಂಜಿಯೋಗ್ರಾಂನಲ್ಲಿ ಬ್ಲಾಕ್ ಸಿಗಲಿಲ್ಲ. ಡಾಕ್ಟರು ‘ಟಾಕೊಟ್ಸುಬೊ’ ಅಂದರು, ಅಂದರೆ ಒತ್ತಡಕ್ಕೆ ಹೃದಯದ ಸ್ನಾಯು ಕೆಲಕಾಲ ಸೋಲುವುದು. ಇಷ್ಟಕ್ಕೆ ಮೂರು ಪುಟ ಕಣ್ಣೀರು ಜಾಸ್ತಿ ಆಯಿತು, ಅಲ್ವಾ?

ಒಂಬತ್ತನೇ ಪ್ಯಾರಾದಲ್ಲಿ ಸುಮ್ನೆ ಬಂದು ಹೋಗುವ ಒಂದು ಸಾಲಿದೆ. ಎರಡು ತಿಂಗಳಿಂದ ಅವರಿಗೆ ತಲೆ ಬಾಚಿದರೆ ನೋವು; ಅರ್ಧ ರೊಟ್ಟಿ ಅಗಿಯುವಷ್ಟರಲ್ಲಿ ದವಡೆ ಸೋತು ತಟ್ಟೆ ಸರಿಸುತ್ತಿದ್ದರು. ನಿಮ್ಮ ಲೇಖನ ಇರುವುದೇ ಅಲ್ಲಿ! ಅದು ಜಯಂಟ್ ಸೆಲ್ ಆರ್ಟರೈಟಿಸ್. ಮೈ ಕಾಯಬೇಕಾದ ರೋಗನಿರೋಧಕ ಶಕ್ತಿಯೇ ರಕ್ತನಾಳದ ಗೋಡೆಯ ಮೇಲೆ ಬಿದ್ದು ಉರಿಯೂತ ತರುವ ಕಾಯಿಲೆ, ಐವತ್ತು ದಾಟಿದವರಿಗೆ ಬರುವಂಥದ್ದು. ಟಾಕೊಟ್ಸುಬೊಗೆ ದುಃಖವೇ ಬೇಕೆಂದಿಲ್ಲ. ಮೈಯೊಳಗಿನ ಕಾಯಿಲೆಯ ಒತ್ತಡಕ್ಕೂ ಅಡ್ರಿನಲಿನ್ ಹಾರ್ಮೋನು ಉಕ್ಕಬಹುದು, ಹೃದಯದ ಸ್ನಾಯು ಸೋಲಬಹುದು. ಅತ್ತೆಗೆ ಯಾವುದರಿಂದ ಆಯಿತು ಅಂತ ನಾವು ತೀರ್ಪು ಕೊಡುವುದು ಬೇಡ. ಸಾವಿನ ಸುದ್ದಿ, ಸರಿಸಿದ ತಟ್ಟೆ ಎರಡನ್ನೂ ಪಕ್ಕಪಕ್ಕ ಇಡಿ.

ಟಾಕೊಟ್ಸುಬೊ ಯಾವ ವಿಜ್ಞಾನಿಯ ಹೆಸರೂ ಅಲ್ಲ. ಜಪಾನಿನ ಮೀನುಗಾರರು ಆಕ್ಟೋಪಸ್ ಹಿಡಿಯುವ ಮಡಕೆ. ಕತ್ತು ಸಣ್ಣ, ಹೊಟ್ಟೆ ದಪ್ಪ. ಹೃದಯದ ಎಡ ಕೆಳಕೋಣೆ ತುದಿಯಲ್ಲಿ ಉಬ್ಬಿ ಹಾಗೇ ಕಂಡಿದ್ದಕ್ಕೆ 1990ರಲ್ಲಿ ಅಲ್ಲಿನ ವೈದ್ಯರು ಈ ಹೆಸರು ಕೊಟ್ಟರು.

ನಾಲ್ಕನೇ ಪುಟದಲ್ಲಿ ‘ಉರಿಯೂತದಿಂದ ಹೃದಯದ ನಾಳ ಕಟ್ಟಿಕೊಂಡಿತು’ ಅನ್ನುತ್ತೀರಿ. ಎರಡನೇ ಪುಟದಲ್ಲಿ ಬ್ಲಾಕೇ ಇಲ್ಲ! ಇದು ಬರೀ ಕೈತಪ್ಪಲ್ಲ. ಇಂಥ ರೋಗಿಗಳಲ್ಲಿ ಉರಿಯೂತ ಹೃದಯದ ನಾಳಗಳಿಗೂ ತಗಲಿದೆಯಾ ಎಂಬುದನ್ನು ಡಾಕ್ಟರು ನೋಡಲೇಬೇಕು. ತಗಲಿದ್ದರೆ ಚಿಕಿತ್ಸೆಯ ದಾರಿ ಬೇರೆ. ಹೃದಯದ ಎಂಆರ್‌ಐ ಯಾಕೆ ಮಾಡಿಸಿದರು ಅಂತ ಅವರನ್ನೇ ಕೇಳಿ ಬರೆಯಿರಿ.

‘ಸ್ಟಿರಾಯ್ಡ್ ಎಂಬ ವಿಷ’ ಅನ್ನುವುದನ್ನು ಹೊಡೆದು ಹಾಕಿದ್ದೇನೆ. ಆರ್ಟರೈಟಿಸ್‌ನ ಉರಿಯೂತ ತಗ್ಗಿಸುವ ಔಷಧಿಯೇ ಅದು, ತಾವಾಗಿಯೇ ನಿಲ್ಲಿಸಿದರೆ ಕಣ್ಣು ಹೋಗಬಹುದು. ಮಾತ್ರೆ ಬಿಡಲು ನೆಪ ಹುಡುಕುವ ಓದುಗರು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ನಾನೂ ಸೇರಿ.

ಶೀರ್ಷಿಕೆ ಬದಲಿಸಿ. ಆರು ವಾರಕ್ಕೆ ಎಕೋ ನಾರ್ಮಲ್ ಬಂದಿದೆ, ಹೃದಯ ಎಲ್ಲಿ ಒಡೆಯಿತು? ಎಂಟುನೂರು ಪದ ದಾಟಬೇಡಿ. ಮತ್ತೆ, ಅತ್ತೆ ಈಗ ಪೂರ್ತಿ ರೊಟ್ಟಿ ತಿನ್ನುತ್ತಾರಾ? ಅದನ್ನೂ ಬರೆಯಿರಿ.