ಮೊದಲು ಬೀಕರ್‌ನಲ್ಲಿ ಏನಿದೆ ಅಂತ ಬರೆಯಿರಿ

"ಬಿಎಸ್ಸಿ ಅನಲಿಟಿಕಲ್ ಕೆಮಿಸ್ಟ್ರಿಯ ಸೂತ್ರಗಳೆಲ್ಲ ಬಾಯಿಗೆ ಬರುತ್ತವೆ. ಲೆಕ್ಕ ಕೊಟ್ಟಾಗ ಯಾವುದನ್ನು ಹಾಕಬೇಕು ಗೊತ್ತಾಗುವುದಿಲ್ಲ. ನರ್ನ್ಸ್ಟ್ ಸಮೀಕರಣದ ಜೊತೆ ಕೆಎಸ್‌ಪಿ ಸೇರಿಕೊಂಡರಂತೂ ಕೈಕಾಲೇ ಆಡುವುದಿಲ್ಲ" ಎಂದು ಕೇಳಿದ್ದೀರಿ. (ನರ್ನ್ಸ್ಟ್ ಸಮೀಕರಣ ಅಂದರೆ ದ್ರಾವಣದಲ್ಲಿ ಅಯಾನು ಎಷ್ಟಿದೆ ಅನ್ನುವುದರಿಂದ ಇಲೆಕ್ಟ್ರೋಡಿನ ವೋಲ್ಟ್ ಹೇಳುವ ಸೂತ್ರ. ಕೆಎಸ್‌ಪಿ ಅಂದರೆ ಸುಲಭವಾಗಿ ಕರಗದ ಲವಣದ ಅಯಾನುಗಳ ಪ್ರಮಾಣಗಳ ಗುಣಲಬ್ಧಕ್ಕೆ ಇರುವ ಮಿತಿ.) ನಾನು ಕಲಬುರಗಿಯಲ್ಲೇ ಓದಿದವನು, ಈಗ ಇಲ್ಲೇ ಬಿಎಸ್ಸಿ ಮಕ್ಕಳಿಗೆ ಇದೇ ಪೇಪರ್ ಪಾಠ ಮಾಡುತ್ತೇನೆ. ಪ್ರತಿ ವರ್ಷ ಯಾರಾದರೊಬ್ಬರು ನಿಮ್ಮ ಹಾಗೆಯೇ ಕೇಳುತ್ತಾರೆ. ಅವರ ನೋಟ್‌ಬುಕ್ ನೋಡಿದರೆ ಮೊದಲ ಸಾಲಿನಲ್ಲೇ ಸೂತ್ರ ಇರುತ್ತದೆ. ಅದಕ್ಕೂ ಮೊದಲು ಒಂದು ಸಾಲು ಬೇಕು. ಬೀಕರ್‌ನಲ್ಲಿ ಈಗ ಏನೇನಿದೆ, ಎಷ್ಟೆಷ್ಟಿದೆ ಅನ್ನುವ ಸಾಲು.

ನನಗೆ ಇದು ಗೊತ್ತಾಗಿದ್ದು ಲ್ಯಾಬ್‌ನಲ್ಲಿ. ಬೋರ್‌ವೆಲ್ ನೀರಿನ ಕ್ಲೋರೈಡ್ ಅಳೆಯುವ ಪ್ರಾಕ್ಟಿಕಲ್ ಇತ್ತು. ಡಿಸ್ಟಿಲ್ಡ್ ವಾಟರ್ ಮುಗಿದಿತ್ತು ಅಂತ ಬ್ಯೂರೆಟ್ಟನ್ನು (ಅಳತೆ ಗುರುತಿರುವ ಗಾಜಿನ ಕೊಳವೆ) ನಲ್ಲಿ ನೀರಿನಲ್ಲೇ ತೊಳೆದು ಸಿಲ್ವರ್ ನೈಟ್ರೇಟ್ ತುಂಬಿದೆ. ನೋಡನೋಡುತ್ತಿದ್ದಂತೆ ಒಳಗೆಲ್ಲ ನೀರು ಮಜ್ಜಿಗೆಯ ಹಾಗೆ ಬೆಳ್ಳಗಾಯಿತು. ಸರ್ ಬೈಯಲಿಲ್ಲ. "ಅದರೊಳಗ ಏನೇನ್ ಅದ, ಮೊದಲ ಅದು ಹೇಳ್ರಿ" ಅಂದರು. ಸಿಲ್ವರ್ ಅಯಾನು, ನೈಟ್ರೇಟ್, ಬ್ಯೂರೆಟ್ ಗೋಡೆಗೆ ಅಂಟಿದ್ದ ನೀರಿನ ಕ್ಲೋರೈಡ್ ಅಂತ ಹೇಳುತ್ತಾ ಹೋದೆ. ಕ್ಲೋರೈಡ್ ಅನ್ನುವಷ್ಟರಲ್ಲಿ ಉತ್ತರ ನನಗೇ ಹೊಳೆಯಿತು. ಸಿಲ್ವರ್ ಕ್ಲೋರೈಡಿನ ಕೆಎಸ್‌ಪಿ 1.8 × 10⁻¹⁰. ಸಿಲ್ವರ್ 0.02 ಮೋಲಾರ್ (ಲೀಟರಿಗೆ 0.02 ಮೋಲ್) ಇದ್ದರೆ ಕ್ಲೋರೈಡ್ 9 × 10⁻⁹ ಮೋಲಾರ್ ದಾಟಿದ ಕೂಡಲೇ ಪ್ರೆಸಿಪಿಟೇಟ್ (ಕರಗದ ಘನ ವಸ್ತು) ಬರಬಹುದು. ನಮ್ಮ ಕಡೆಯ ಬೋರ್ ನೀರಿನಲ್ಲಿ ಅದಕ್ಕಿಂತ ಲಕ್ಷಾಂತರ ಪಟ್ಟು ಜಾಸ್ತಿ ಇರುತ್ತದೆ.

ಈಗ ಇದೇ ಸಿಲ್ವರ್ ಕ್ಲೋರೈಡ್ ಇಟ್ಟುಕೊಂಡು ನೀವು ಹೆದರುವ ಲೆಕ್ಕ ಮಾಡೋಣ. 0.1 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ. ತಳದಲ್ಲಿ ಸಿಲ್ವರ್ ಕ್ಲೋರೈಡ್ ಕೂತಿದೆ. ಒಂದು ಬೆಳ್ಳಿ ತಂತಿ ಅದ್ದಿದ್ದೀರಿ. ತಂತಿಯ ಪೊಟೆನ್ಶಿಯಲ್ ಎಷ್ಟು?

ಒಳಗೆ ಏನಿದೆ ಬರೆಯಿರಿ. ಪೊಟ್ಯಾಸಿಯಂ ಇದೆ, ಅದು ಸುಮ್ನೆ ಕೂತಿರುತ್ತದೆ. ಕ್ಲೋರೈಡ್ 0.1. ಸಿಲ್ವರ್ ಅಯಾನು ಸ್ವಲ್ಪವೇ ಸ್ವಲ್ಪ, ಎಷ್ಟು ಅನ್ನುವುದನ್ನು ಕೆಎಸ್‌ಪಿ ಹೇಳುತ್ತದೆ: 1.8 × 10⁻¹⁰ ಅನ್ನು 0.1ರಿಂದ ಭಾಗಿಸಿದರೆ 1.8 × 10⁻⁹. ಇಕ್ವಿಲಿಬ್ರಿಯಂ (ಸಮತೋಲನ) ಕೆಲಸ ಇಲ್ಲಿಗೆ ಮುಗಿಯಿತು. ಇನ್ನು ನರ್ನ್ಸ್ಟ್. ಬೆಳ್ಳಿ ತಂತಿಗೆ ಬೇಕಾದ ಮಾಹಿತಿ ಒಂದೇ, ತನ್ನ ಸುತ್ತ ಸಿಲ್ವರ್ ಅಯಾನು ಎಷ್ಟಿದೆ ಅನ್ನುವುದು. ಇ-ನಾಟ್, ಅಂದರೆ ಅಯಾನು 1 ಮೋಲಾರ್ ಇದ್ದಾಗಿನ ಪೊಟೆನ್ಶಿಯಲ್, 0.799 ವೋಲ್ಟ್. ಅದಕ್ಕೆ 0.0592 ಗುಣಿಸು ಲಾಗ್ 1.8 × 10⁻⁹ ಕೂಡಿಸಿ. ಲಾಗ್ ಬೆಲೆ ಮೈನಸ್ 8.74. ಉತ್ತರ 0.281 ವೋಲ್ಟ್.

ಈಗ ಇನ್ನೊಂದು ದಾರಿಯಲ್ಲಿ ಹೋಗಿ. ಟೇಬಲ್‌ನಲ್ಲಿ ಸಿಲ್ವರ್-ಸಿಲ್ವರ್ ಕ್ಲೋರೈಡ್ ಇಲೆಕ್ಟ್ರೋಡಿಗೆ ಬೇರೆಯೇ ಇ-ನಾಟ್ ಇದೆ, 0.222. ಅದರಲ್ಲಿ 0.0592 ಗುಣಿಸು ಲಾಗ್ 0.1 ಕಳೆಯಿರಿ. ಮತ್ತೆ 0.281! ಮೊದಲ ಸಲ ಹೀಗೆ ಎರಡೂ ಕಡೆಯಿಂದ ಒಂದೇ ಸಂಖ್ಯೆ ಬಂದಾಗ ನನಗೆ ಆದ ಖುಷಿ ಇನ್ನೂ ನೆನಪಿದೆ. ಎರಡು ಇ-ನಾಟ್‌ಗಳ ನಡುವಿನ ವ್ಯತ್ಯಾಸ 0.577. ಅದನ್ನು 0.0592ರಿಂದ ಭಾಗಿಸಿದರೆ 9.75. ಹತ್ತರ ಮೈನಸ್ 9.75ನೇ ಘಾತ ಎಷ್ಟು ನೋಡಿ: 1.8 × 10⁻¹⁰. ಕೆಎಸ್‌ಪಿಯೇ ಬಂತು ಅಲ್ವಾ? ಪುಸ್ತಕದಲ್ಲಿ ಎರಡು ಚಾಪ್ಟರ್ ಮಾಡಿದ್ದಾರೆ ಅಷ್ಟೇ, ಬೀಕರ್‌ನಲ್ಲಿ ನಡೆಯುತ್ತಿರುವುದು ಒಂದೇ ಸಂಗತಿ. (ನಿಜವಾದ 0.1 ಮೋಲಾರ್ ದ್ರಾವಣದಲ್ಲಿ ಆಕ್ಟಿವಿಟಿ ಕೋಎಫಿಶಿಯೆಂಟ್, ಅಂದರೆ ಅಯಾನುಗಳು ಒಂದರ ಮೇಲೊಂದು ಬೀರುವ ಪ್ರಭಾವದ ತಿದ್ದುಪಡಿ, ಲೆಕ್ಕಕ್ಕೆ ಬರುತ್ತದೆ. ಪ್ರಶ್ನೆಯಲ್ಲಿ ಕೇಳದಿದ್ದರೆ ಬಿಡಿ.)

ಮಾರ್ಕ್ಸ್ ಜಾಸ್ತಿ ಹೋಗುವುದು "ಎಷ್ಟೆಷ್ಟಿದೆ" ಅನ್ನುವ ಕಡೆ. 50 ಎಂಎಲ್ 0.1 ಮೋಲಾರ್ ಅಸಿಟಿಕ್ ಆಸಿಡ್‌ಗೆ 50 ಎಂಎಲ್ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಹಾಕಿದಿರಿ, ಪಿಹೆಚ್ ಎಷ್ಟು? ಆಸಿಡ್ ಮುಗಿದಿದೆ, ಬೇಸ್ ಮುಗಿದಿದೆ. ಉಳಿದಿದ್ದು ಅಸಿಟೇಟ್. ಇಷ್ಟು ಎಲ್ಲರೂ ಬರೆಯುತ್ತಾರೆ. ಆದರೆ ನೀರು ಈಗ 100 ಎಂಎಲ್ ಆಗಿದೆ, ಹಾಗಾಗಿ ಅಸಿಟೇಟ್ 0.05. ಆಸಿಡ್ ಎಷ್ಟು ಒಡೆಯುತ್ತದೆ ಅನ್ನುವ ಕೆಎ 1.8 × 10⁻⁵ ಆದರೆ ಅಸಿಟೇಟ್ ಬೇಸ್ ಆಗಿ ಎಷ್ಟು ಬಲ ಅನ್ನುವ ಕೆಬಿ 5.6 × 10⁻¹⁰. ಅಲ್ಲಿಂದ ಪಿಹೆಚ್ 8.72. ಮರೆತು 0.1 ಹಾಕಿದವರಿಗೆ 8.87 ಬರುತ್ತದೆ. ನೋಡಲು ಸರಿ ಅನ್ನಿಸುವ ತಪ್ಪು ಇದು, ಅದಕ್ಕೇ ಸಿಕ್ಕಿಬೀಳುವುದಿಲ್ಲ. ಟೈಟ್ರೇಷನ್ ಲೆಕ್ಕವನ್ನು ಮಿಲಿಮೋಲ್‌ನಲ್ಲಿ ಮಾಡಿ, ಕೊನೆಯಲ್ಲಿ ಒಟ್ಟು ವಾಲ್ಯೂಮ್‌ನಿಂದ ಭಾಗಿಸಿ. ನನ್ನ ಮಕ್ಕಳಿಗೆ ಬೇರೆ ದಾರಿಯಲ್ಲಿ ಮಾಡಲು ನಾನು ಬಿಡುವುದೇ ಇಲ್ಲ.

ಎಕ್ಸ್ (ಆಸಿಡ್‌ನಲ್ಲಿ ಒಡೆದು ಅಯಾನು ಆದ ಭಾಗ) ಚಿಕ್ಕದು ಅಂತ ಬಿಡುವಾಗಲೂ ಒಮ್ಮೆ ಹಿಂತಿರುಗಿ ನೋಡಿ. 0.1 ಮೋಲಾರ್ ಅಸಿಟಿಕ್ ಆಸಿಡ್‌ನಲ್ಲಿ ಎಕ್ಸ್ ಬರೀ 1.3 ಶೇಕಡಾ, ಬಿಡಬಹುದು. 0.001 ಮೋಲಾರ್‌ನಲ್ಲಿ ಹಾಗೆ ಬಿಟ್ಟು ಲೆಕ್ಕ ಮಾಡಿದರೆ ಎಕ್ಸ್ 13 ಶೇಕಡಾ ದಾಟುತ್ತದೆ. ಅಲ್ಲಿ ಕ್ವಾಡ್ರಾಟಿಕ್ ಬೇಕೇ ಬೇಕು.

ಅರ್ಧ ಸೆಲ್ ಸಮೀಕರಣವನ್ನು 2ರಿಂದ ಗುಣಿಸಿದಾಗ ಇ-ನಾಟ್ ಕೂಡ ಗುಣಿಸುವುದು ಇನ್ನೊಂದು ಹಳೇ ತಪ್ಪು. ಅಂಗಡಿಯಲ್ಲಿ ಸಿಗುವ ಸಣ್ಣ ಪೆನ್ಸಿಲ್ ಸೆಲ್ಲೂ 1.5 ವೋಲ್ಟ್, ದೊಡ್ಡ ಟಾರ್ಚ್ ಸೆಲ್ಲೂ 1.5 ವೋಲ್ಟ್. ವಸ್ತು ಜಾಸ್ತಿ ಆದರೆ ಸೆಲ್ ಹೆಚ್ಚು ದಿನ ಬಾಳುತ್ತದೆ, ವೋಲ್ಟ್ ಏರುವುದಿಲ್ಲ. ಯಾವುದು ಎಲೆಕ್ಟ್ರಾನ್ ಬಿಡುತ್ತದೆ ಅಂತ ಗೊಂದಲವಾದರೆ ಬೀದರ್‌ನ ಬಿದರಿ ಹೂದಾನಿ ನೆನಪಿಸಿಕೊಳ್ಳಿ. ಕೋಟೆಯ ಮಣ್ಣು ಮತ್ತು ಅಮೋನಿಯಂ ಕ್ಲೋರೈಡ್ ಕಲಸಿ ಹಚ್ಚಿದಾಗ ಕಪ್ಪಾಗುವುದು ಸತುವು ಜಾಸ್ತಿ ಇರುವ ಮಿಶ್ರಲೋಹ. ಕೆತ್ತಿ ಕೂರಿಸಿದ ಬೆಳ್ಳಿ ಹೊಳೆಯುತ್ತಲೇ ಇರುತ್ತದೆ. ಸತುವಿನ ಇ-ನಾಟ್ ಮೈನಸ್ 0.76, ಬೆಳ್ಳಿಯದು ಪ್ಲಸ್ 0.80. ಎಲೆಕ್ಟ್ರಾನ್ ಬಿಡುವ ಆತುರ ಸತುವಿಗೆ.

0.0592 ಅನ್ನುವುದು 25 ಡಿಗ್ರಿಗೆ ಮಾತ್ರ. ಮೇ ತಿಂಗಳಲ್ಲಿ ನಮ್ಮ ಲ್ಯಾಬ್ 40 ಡಿಗ್ರಿ ಮುಟ್ಟಿದಾಗ ಅದು 0.0621 ಆಗುತ್ತದೆ. ಪಿಹೆಚ್ ಮೀಟರ್‌ನಲ್ಲಿ ಟೆಂಪರೇಚರ್ ನಾಬ್ ಇರುವುದು ಇದಕ್ಕೇ. ಆ ಬಿಸಿಯಲ್ಲಿ ಶುದ್ಧ ನೀರಿನ ಪಿಹೆಚ್ ಕೂಡ 7 ಇರುವುದಿಲ್ಲ, ಸುಮಾರು 6.77. ಹಾಗಂತ ನೀರು ಆಸಿಡ್ ಆಗಿದೆ ಅಂತ ಬರೆಯಬೇಡಿ. ಹೈಡ್ರೋಜನ್ ಅಯಾನು ಹೆಚ್ಚಿದಷ್ಟೇ ಹೈಡ್ರಾಕ್ಸೈಡೂ ಹೆಚ್ಚಿರುತ್ತದೆ.

ರೆಡಾಕ್ಸ್ (ಎಲೆಕ್ಟ್ರಾನ್ ಕೊಟ್ಟು ತೆಗೆದುಕೊಳ್ಳುವ) ಟೈಟ್ರೇಷನ್‌ನಲ್ಲಿ ಎರಡೂ ಸರಿಸಮವಾಗಿ ಮುಗಿದ ಹಂತದ ವೋಲ್ಟ್‌ಗೆ ಎರಡು ಪೊಟೆನ್ಶಿಯಲ್‌ಗಳ ಸರಾಸರಿ ತೆಗೆಯುವ ಉಪಾಯ ಕಬ್ಬಿಣ-ಸೀರಿಯಂ ಜೋಡಿಗೆ ಸರಿ, ಎರಡೂ ಕಡೆ ಒಂದೊಂದೇ ಎಲೆಕ್ಟ್ರಾನ್. 1 ಮೋಲಾರ್ ಸಲ್ಫ್ಯೂರಿಕ್ ಆಸಿಡ್‌ನಲ್ಲಿ 0.68 ಮತ್ತು 1.44ರ ನಡುವೆ 1.06. ಪರ್ಮಾಂಗನೇಟ್‌ಗೆ ಅದೇ ಉಪಾಯ ಹಾಕಬೇಡಿ, ಅದು ಐದು ಎಲೆಕ್ಟ್ರಾನ್ ತೆಗೆದುಕೊಳ್ಳುತ್ತದೆ.

ಇವತ್ತು ರಾತ್ರಿಯೇ ಒಂದು ಮಾಡಿ ನೋಡಿ. ಬೆಳ್ಳಿ ತಂತಿ, 0.01 ಮೋಲಾರ್ ಪೊಟ್ಯಾಸಿಯಂ ಬ್ರೋಮೈಡ್, ತಳದಲ್ಲಿ ಸಿಲ್ವರ್ ಬ್ರೋಮೈಡ್, ಕೆಎಸ್‌ಪಿ 5 × 10⁻¹³. 0.189 ವೋಲ್ಟ್ ಬರಬೇಕು. ಬರದಿದ್ದರೆ ಮಾಡಿದ ಹೆಜ್ಜೆಗಳನ್ನೆಲ್ಲ ಕೆಳಗೆ ಬರೆದು ಹಾಕಿ, ಎಲ್ಲಿ ತಪ್ಪಿದೆ ಅಂತ ಕೂಡಿ ನೋಡೋಣ.