ಚುಟ್ಟಿ ಕಾಣದ ಚಿತ್ರಕ್ಕೆ ಏನೆನ್ನಲಿ?

ಪ್ರಶ್ನೆ: ನಮ್ಮೂರ ದೇವಸ್ಥಾನದ ಗದ್ದೆಯಲ್ಲಿ ಕಳೆದ ತಿಂಗಳು ಹರಕೆಯ ಯಕ್ಷಗಾನದ ಆಟ ನಡೆಯಿತು. ಪಕ್ಕದ ಊರಿನ ಸ್ಟುಡಿಯೊದವರು ತೆಗೆದ ಫೋಟೊಗಳನ್ನು ಊರಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ, ‘ಹೇಗಿವೆ ಹೇಳಿ’ ಎಂದು ಕೇಳಿದರು. ಎಲ್ಲರೂ ‘ಸೂಪರ್’ ಎಂದರು. ನನಗೆ ಮಾತ್ರ ಬಣ್ಣದ ವೇಷದ (ರಾಕ್ಷಸ ಪಾತ್ರದ) ಮುಖ ಸುಣ್ಣ ಬಳಿದ ಗೋಡೆಯಂತೆ ಕಂಡಿತು; ಪುಂಡುವೇಷದ (ತರುಣ ವೀರನ ಪಾತ್ರದ) ಕೈಗಳು ಕಲಸಿಹೋಗಿದ್ದವು. ನಾನು ಕ್ಯಾಮೆರಾ ಹಿಡಿದು ಎರಡೇ ವರ್ಷವಾಯಿತು. ವೃತ್ತಿಯವರ ಕೆಲಸದ ಬಗ್ಗೆ ಮಾತಾಡಲು ನನಗೆ ಯೋಗ್ಯತೆ ಇದೆಯೇ?
– ಹೆಸರು ಬೇಡ, ಪುತ್ತೂರು

ಉತ್ತರ: ಕಂಡದ್ದನ್ನು ಹೇಳುವ ಯೋಗ್ಯತೆ ನಿಮಗೆ ಖಂಡಿತ ಇದೆ. ಅದು ಹೀಗೇಕಾಯಿತು ಎಂದು ತೀರ್ಪು ಕೊಡುವ ಯೋಗ್ಯತೆ ಮಾತ್ರ, ಆ ರಾತ್ರಿ ಅವರ ಪಕ್ಕದಲ್ಲಿ ನಿಂತಿರದ ಯಾರಿಗೂ ಇಲ್ಲ, ನನಗೂ ಇಲ್ಲ.

ನೀವು ಹೇಳಿದ ಎರಡು ದೋಷಗಳು ಒಂದೇ ಜಾತಿಯವಲ್ಲ. ಮೊದಲು ಮುಖವನ್ನು ನೋಡೋಣ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಒಂದೊಂದೇ ಮುಳ್ಳಾಗಿ ಎಬ್ಬಿಸಿದ ಚುಟ್ಟಿಯು ಚಿತ್ರದಲ್ಲಿ ಜೀವ ತಳೆಯುವುದು ಪ್ರತಿ ಮುಳ್ಳಿನ ಬುಡದಲ್ಲಿ ಬೀಳುವ ಸಣ್ಣ ನೆರಳಿನಿಂದ. ವೇಷದ ಹಿಂದೆ ಕತ್ತಲೆಯೇ ತುಂಬಿರುವಾಗ ಕ್ಯಾಮೆರಾದ ಮೀಟರು ಆ ಕಪ್ಪನ್ನೂ ಲೆಕ್ಕಕ್ಕೆ ಹಿಡಿದು ಇಡೀ ಚಿತ್ರವನ್ನು ಬೆಳಗಿಸಲು ಹೊರಡುತ್ತದೆ, ಆಗ ಬಿಳಿಯ ಭಾಗ ಸುಟ್ಟುಹೋಗುತ್ತದೆ. ಕ್ಯಾಮೆರಾದ ಮೇಲಿನ ಫ್ಲ್ಯಾಶ್ ನೇರವಾಗಿ ಬಿದ್ದರಂತೂ ಉಳಿದ ನೆರಳೂ ಅಳಿಸಿಹೋಗುತ್ತದೆ. ಎಕ್ಸ್‌ಪೋಷರನ್ನು ಒಂದು ಸ್ಟಾಪಿನಷ್ಟು (ಅಂದರೆ ಬೆಳಕನ್ನು ಅರ್ಧಕ್ಕೆ) ತಗ್ಗಿಸುವುದು, ಫ್ಲ್ಯಾಶ್ ಬಳಸದಿರುವುದು ಛಾಯಾಗ್ರಾಹಕರ ಕೈಯಲ್ಲೇ ಇದ್ದ ಸಂಗತಿ. ಆದ್ದರಿಂದ ಇದನ್ನು ಅಳುಕದೆ ಹೇಳಬಹುದು.

ಕೈಗಳ ವಿಷಯ ಹಾಗಲ್ಲ. ಧೀಂಗಿಣ (ಗಿರ್ರನೆ ಸುತ್ತುತ್ತ ಹಾರುವ ಕುಣಿತ) ಹಾಕುವ ವೇಷವನ್ನು ಸೆಕೆಂಡಿನ 1/60 ಭಾಗದಲ್ಲಿ ಹಿಡಿದರೆ ಕೈ ಕಲಸುವುದು ಸಹಜ. 1/500ಕ್ಕೆ ಹೋಗಬೇಕಾದರೆ ಸುಮಾರು ಎಂಟು ಪಟ್ಟು ಬೆಳಕು ಬೇಕು, ಅದು ಸಿಗದಿದ್ದರೆ ಬೆಳಕಿಗೆ ಕ್ಯಾಮೆರಾದ ಸಂವೇದನೆಯನ್ನು ಹೆಚ್ಚಿಸುವ, 800ರಲ್ಲಿದ್ದ ಐಎಸ್‌ಒ 6400ಕ್ಕೆ ಏರಬೇಕು. ಅವರ ಲೆನ್ಸಿನಲ್ಲಿ ಬೆಳಕು ಒಳಬಿಡುವ ಗರಿಷ್ಠ ತೆರವು ಎಫ್ 5.6 ಆಗಿದ್ದರೆ, ಎಫ್ 2.8ರ ಲೆನ್ಸಿಗೆ ಸಿಗುವ ಬೆಳಕಿನ ಕಾಲುಭಾಗ ಮಾತ್ರ ಅವರಿಗೆ ದಕ್ಕಿರುತ್ತದೆ. ನಮ್ಮ ವಿದ್ಯುತ್ತು 50 ಹರ್ಟ್ಸಿನದಾದ್ದರಿಂದ ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಬಾರಿ ಮಂಕಾಗುತ್ತವೆ. ಶಟರಿನ ವೇಗ ಹೆಚ್ಚಿಸಿದರೆ ಚಿತ್ರದಲ್ಲಿ ಅಡ್ಡಪಟ್ಟೆಗಳು ಮೂಡುವುದುಂಟು. ಅವರು ಬೇಕೆಂದೇ ವೇಗ ತಗ್ಗಿಸಿರಲೂಬಹುದು. ಮುಖ ಸ್ಪಷ್ಟವಾಗಿದ್ದು ಕೈ ಮಾತ್ರ ಕಲಸಿದ್ದರೆ ನಾನು ಅದನ್ನು ದೋಷವೆಂದೇ ಎಣಿಸುವುದಿಲ್ಲ, ಕುಣಿತ ಕಾಣುವುದು ಅಲ್ಲಿಯೇ.

ಇನ್ನೊಂದು ಎಚ್ಚರಿಕೆ: ವಾಟ್ಸ್ಆ್ಯಪಿನಲ್ಲಿ ಫೋಟೊ ಎಂದು ಕಳಿಸಿದ ಚಿತ್ರ ಕುಗ್ಗಿರುತ್ತದೆ, ಶಟರು, ಐಎಸ್‌ಒಗಳ ವಿವರವೂ ಕಳೆದುಹೋಗಿರುತ್ತದೆ. ಅದನ್ನು ನೋಡಿ ಹರಿತ, ಮಸುಕು ಎಂದೆಲ್ಲ ವಾದಿಸಬೇಡಿ.

ಗುಂಪಿನಲ್ಲಂತೂ ಬರೆಯಲೇಬೇಡಿ. ‘ಹೇಗಿವೆ ಹೇಳಿ’ ಎಂಬುದು ಹೆಚ್ಚಾಗಿ ಉಪಚಾರದ ಮಾತು. ಅವರಿಗೆ ದುಡ್ಡು ಕೊಡಬೇಕಾದ ಸಮಿತಿಯವರೂ ಅದೇ ಗುಂಪಿನಲ್ಲಿರುತ್ತಾರೆ. ಹಿಂದೊಮ್ಮೆ ನಾನು ಒಂದು ಮದುವೆಯ ಚಿತ್ರಗಳಿಗೆ ‘ಧಾರೆಯ ಹೊತ್ತಿನಲ್ಲಿ ಕೋನ ತಪ್ಪಿದೆ’ ಎಂದು ಎಲ್ಲರೆದುರು ಬರೆದುಬಿಟ್ಟಿದ್ದೆ. ಮಂಟಪದ ಮುಂದೆ ನೆಂಟರು ಮೊಬೈಲು ಎತ್ತಿ ಗೋಡೆ ಕಟ್ಟಿದ್ದರೆಂದು ಆ ಹುಡುಗ ತಣ್ಣಗೆ ಉತ್ತರಿಸಿದಾಗ, ತಪ್ಪಿದ್ದು ನನ್ನ ಕೋನವೆಂದು ತಿಳಿಯಿತು.

ಅವರಿಗೆ ಪ್ರತ್ಯೇಕವಾಗಿ, ಒಂದೇ ಚಿತ್ರದ ಬಗ್ಗೆ ಬರೆಯಿರಿ: ‘ಅಣ್ಣಾ, ಬಣ್ಣದ ವೇಷ ಪರದೆಯಿಂದ ಹೊರಬಂದ ಕ್ಷಣವನ್ನು ಚೆನ್ನಾಗಿ ಹಿಡಿದಿದ್ದೀರಿ. ಚುಟ್ಟಿಯ ಮುಳ್ಳುಗಳು ಬಿಳಿಯಲ್ಲಿ ಮುಳುಗಿದಂತೆ ನನಗೆ ಕಂಡಿತು. ಫ್ಲ್ಯಾಶ್ ಹಾಕಿದ್ದಿರಾ? ಕಲಿಯಲೆಂದು ಕೇಳುತ್ತಿದ್ದೇನೆ, ಸಾಧ್ಯವಾದರೆ ಮೂಲ ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಿ.’ ರಾ ಫೈಲು (ಕ್ಯಾಮೆರಾ ಹಿಡಿದ ಪೂರ್ಣ ಮಾಹಿತಿಯ ಕಡತ) ಇದ್ದರೆ ಆ ಬಿಳಿಯಲ್ಲಿ ಸ್ವಲ್ಪವನ್ನಾದರೂ ಅವರು ಮರಳಿ ತರಬಹುದು. ಉತ್ತರ ಬಾರದಿದ್ದರೆ ಎರಡನೆಯ ಸಲ ಕೇಳಬೇಡಿ.